ಸೇಸಮ್ಮನ ಬಾಗಿಲು



ಉಡುಪಿ ಕಡೆಯ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಮೆಡಿಕಲ್ ಬೇಡ, ಎಂಜಿನಿಯರಿಂಗ್ ಬೇಡ, ಫಿಸಿಕ್ಸ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. ಅದರಲ್ಲೂ ಕಣ ವೇಗವರ್ಧಕ ಎಂಬ ಯಂತ್ರದ ಬಗ್ಗೆ ಎಲ್ಲೋ ಓದಿ, ಅದರಲ್ಲೇ ಕೆಲಸ ಮಾಡಬೇಕು ಅನ್ನುತ್ತಾಳಂತೆ. “ಇದು ನಮ್ಮಂಥವರ ಮಕ್ಕಳಿಗೆ ಹೇಳಿದ ಕೆಲಸವೇ? ಅದರಿಂದ ಯಾರಿಗೇನು ಉಪಕಾರ? ಹುಡುಗಿ ಕೇಳುವುದಿಲ್ಲ, ನೀವಾದರೂ ಬುದ್ಧಿ ಹೇಳಿ” ಎಂದು ತಾಯಿ ಬರೆದಿದ್ದಾರೆ.

ಬುದ್ಧಿ ಹೇಳುವ ಮೊದಲು ಆ ಯಂತ್ರ ಏನೆಂದು ನೋಡೋಣ. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅಂಥದ್ದೊಂದು ಇತ್ತು ಎಂದರೆ ನಂಬುತ್ತೀರಾ? ಹಳೆಯ, ಬೆನ್ನು ದಪ್ಪಗಿದ್ದ ಟಿ.ವಿ.ಯೇ ಅದು. ಅದರ ಗಾಜಿನ ಕೊಳವೆಯ ಹಿಂಭಾಗದಲ್ಲಿ ಒಂದು ಸಣ್ಣ ತಂತಿ ಕಾಯುತ್ತಿತ್ತು. ಅದರಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ಸುಮಾರು 25 ಸಾವಿರ ವೋಲ್ಟ್ ಎಳೆದು ಪರದೆಗೆ ಬಡಿಯುತ್ತಿತ್ತು. ನಡುವೆ ಇದ್ದ ಅಯಸ್ಕಾಂತದ ಸುರುಳಿಗಳು ಆ ಧಾರೆಯನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ತಿರುಗಿಸಿ ಚಿತ್ರ ಬರೆಸುತ್ತಿದ್ದವು. ಮಕ್ಕಳು ಅಯಸ್ಕಾಂತ ಹಿಡಿದು ಪರದೆಯ ಹತ್ತಿರ ಹೋದಾಗ ಬಣ್ಣವೆಲ್ಲ ಕದಡಿ, ಮನೆಯಲ್ಲಿ ಬೈಗುಳ ತಿಂದದ್ದು ನೆನಪಿರಬಹುದು. ಎಲೆಕ್ಟ್ರಾನ್ ಧಾರೆ ಎಂದರೆ ಅದೇ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅಯಸ್ಕಾಂತದ ಮಾತು ಕೇಳುತ್ತದೆ.

ಈಗ ಆ 25 ಸಾವಿರ ವೋಲ್ಟಿನ ಜಾಗದಲ್ಲಿ 250 ಕೋಟಿ ವೋಲ್ಟ್ ಇಟ್ಟುಕೊಳ್ಳಿ. ಕೊಳವೆಯ ಬದಲು 133 ಮೀಟರ್ ಸುತ್ತಳತೆಯ ಒಂದು ಉಂಗುರ. ಅಂಥ ಯಂತ್ರ ಜೋರ್ಡಾನ್ ದೇಶದ ಅಲ್ಲಾನ್ ಎಂಬ ಊರಿನಲ್ಲಿದೆ. ರಾಜಧಾನಿ ಅಮ್ಮಾನ್‌ನಿಂದ ಸುಮಾರು 30 ಕಿಲೋಮೀಟರ್ ದೂರ. ಅದರ ಉದ್ದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ‘ಸೆಸಮೆ’ ಎಂದಾಗುತ್ತದೆ. ಬೇಕೆಂದೇ ಹಾಗೆ ಇಟ್ಟದ್ದು. ಆಲಿಬಾಬಾನ ಕಥೆಯಲ್ಲಿ ಗುಹೆಯ ಬಾಗಿಲು ತೆಗೆಯುವ ಆ ಮಾತು ನೆನಪಾಯಿತೇ? ನಮ್ಮ ಕನ್ನಡದ ಮಕ್ಕಳ ಬಾಯಲ್ಲಿ ಸೇಸಮ್ಮನಾಗಿ ಬಂದವಳು ಅವಳೇ.

ಈ ಸೇಸಮ್ಮನ ಬಾಗಿಲು ಒಂದು ಮಾತಿಗೆ ತೆರೆಯಲಿಲ್ಲ. ಅರಬ್ ಪ್ರದೇಶದಲ್ಲಿ ಇಂಥ ಯಂತ್ರವೊಂದು ಬೇಕೆಂದು ನೊಬೆಲ್ ಪ್ರಶಸ್ತಿ ಪಡೆದ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ಸಲಾಮ್ 1980ರ ದಶಕದಲ್ಲೇ ಹೇಳಿದ್ದರು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1997ರಲ್ಲಿ ಅಮೆರಿಕದ ಹರ್ಮನ್ ವಿನಿಕ್ ಮತ್ತು ಜರ್ಮನಿಯ ಗುಸ್ಟಾಫ್ ಫಾಸ್ ಒಂದು ಸಲಹೆ ಕೊಟ್ಟರು. ಬರ್ಲಿನ್‌ನಲ್ಲಿ ಬೆಸ್ಸಿ-1 ಎಂಬ ಹಳೆಯ ಯಂತ್ರವನ್ನು ಮುಚ್ಚಲಿದ್ದಾರೆ. ಅದನ್ನು ಗುಜರಿಗೆ ಹಾಕುವ ಬದಲು ಮಧ್ಯಪ್ರಾಚ್ಯಕ್ಕೆ ದಾನ ಮಾಡಬಾರದೇಕೆ? ಜರ್ಮನಿ ಒಪ್ಪಿತು. 2002ರಲ್ಲಿ ಯಂತ್ರದ ಭಾಗಗಳು ಪೆಟ್ಟಿಗೆಗಳಲ್ಲಿ ಜೋರ್ಡಾನಿಗೆ ಬಂದವು. 2003ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಹಳೆಯ ಯಂತ್ರವನ್ನು ಹಾಗೆಯೇ ಜೋಡಿಸಿದರೆ ಹಳೆಯ ಕೆಲಸವಷ್ಟೇ ಆದೀತು ಎಂದು ಮುಂದೆ ತೀರ್ಮಾನಿಸಿ, ಬರ್ಲಿನ್‌ನಿಂದ ಬಂದ ಮೊದಲೆರಡು ಹಂತಗಳನ್ನು ಮಾತ್ರ ಇಟ್ಟುಕೊಂಡು, ಮುಖ್ಯ ಉಂಗುರವನ್ನು ಹೊಸದಾಗಿಯೇ ಕಟ್ಟಿದರು. ಸೈಪ್ರಸ್, ಈಜಿಪ್ಟ್, ಇರಾನ್, ಇಸ್ರೇಲ್, ಜೋರ್ಡಾನ್, ಪಾಕಿಸ್ತಾನ, ಫೆಲೆಸ್ತೀನ್, ತುರ್ಕಿ – ಇವು ಸದಸ್ಯರು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದರಲ್ಲಿ ಪರಸ್ಪರ ರಾಯಭಾರಿಗಳೇ ಇಲ್ಲದ ದೇಶಗಳಿವೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ದುಡ್ಡಿಗೆ ಪರದಾಟ. ಯುರೋಪಿನ ನೆರವಿನಿಂದ ಉಂಗುರದ ಅಯಸ್ಕಾಂತಗಳ ಹೊಣೆಯನ್ನು ಜಿನೀವಾದ ಸರ್ನ್ ಸಂಸ್ಥೆ ಹೊತ್ತಿತು. ಅವುಗಳಲ್ಲಿ ಕೆಲವನ್ನು ಪಾಕಿಸ್ತಾನ, ಸೈಪ್ರಸ್‌ನಲ್ಲೇ ಮಾಡಿಸಿದರು. 2013ರ ಡಿಸೆಂಬರಿನಲ್ಲಿ ಜೋರ್ಡಾನ್ ಕಂಡು ಕೇಳರಿಯದಷ್ಟು ಹಿಮ ಬಿದ್ದು ಕಟ್ಟಡದ ಛಾವಣಿಯೇ ಕುಸಿಯಿತು. ಆದರೂ 2014ರ ಸೆಪ್ಟೆಂಬರಿನಲ್ಲಿ ಎರಡನೇ ಹಂತ ಕೆಲಸ ಮಾಡಿತು. ಮುಖ್ಯ ಉಂಗುರದಲ್ಲಿ ಎಲೆಕ್ಟ್ರಾನ್ ಮೊದಲ ಬಾರಿ ಸುತ್ತು ಹಾಕಿದ್ದು 2017ರ ಜನವರಿ 11ರ ಸಂಜೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಯಂತ್ರ ಜೋಡಿಸಿ ಆಯಿತು, ಸ್ವಿಚ್ ಒತ್ತಿದರೆ ಓಡುವುದಿಲ್ಲವೇ ಎಂದು ನೀವು ಕೇಳಬಹುದು. ಮಿಕ್ಸಿಯಾದರೆ ಓಡುತ್ತದೆ. ಇದು ಓಡುವುದಿಲ್ಲ. ನೀವು ಹೊಸ ಬಾವಿ ತೋಡಿಸಿ ಪಂಪು ಕೂರಿಸಿದ ದಿನವನ್ನು ನೆನಪಿಸಿಕೊಳ್ಳಿ. ಮೊದಲು ಪೈಪಿನಲ್ಲಿ ಗಾಳಿ. ಆಮೇಲೆ ಎಲ್ಲೋ ಜಾಯಿಂಟ್ ಸೋರುತ್ತದೆ. ನೀರು ಬಂದರೂ ಕೆಸರು. ಎರಡು ದಿನ ಬಿಟ್ಟು ಬಿಟ್ಟು ಓಡಿಸಿದ ಮೇಲೆ ತಿಳಿ ನೀರು. ವೇಗವರ್ಧಕಕ್ಕೂ ಹೀಗೆ ‘ನೀರು ಬಿಡಿಸುವ’ ಕೆಲಸವಿದೆ. ಇಂಗ್ಲಿಷಿನಲ್ಲಿ ಅದನ್ನು ಕಮಿಷನಿಂಗ್ ಅನ್ನುತ್ತಾರೆ. ಎರಡು ದಿನದ ಕೆಲಸವಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಸೆಸಮೆಯಲ್ಲಿ ಎಲೆಕ್ಟ್ರಾನಿನ ಪ್ರಯಾಣ ಮೂರು ಹಂತ. ಮೈಕ್ರೊಟ್ರಾನ್ ಎಂಬ ಮೊದಲನೆಯದರಲ್ಲಿ ಅದಕ್ಕೆ ಸುಮಾರು ಎರಡು ಕೋಟಿ ವೋಲ್ಟಿನ ಶಕ್ತಿ ಸಿಗುತ್ತದೆ. ಅಷ್ಟರಲ್ಲೇ ಅದು ಹೆಚ್ಚುಕಡಿಮೆ ಬೆಳಕಿನ ವೇಗ ಮುಟ್ಟಿಬಿಟ್ಟಿರುತ್ತದೆ. ಅಲ್ಲಿಂದ ಮುಂದೆ ವೇಗ ಹೆಚ್ಚಲು ಎಡೆಯಿಲ್ಲ, ಹೆಚ್ಚುವುದು ಶಕ್ತಿ ಮಾತ್ರ. ಎರಡನೆಯ ಸಣ್ಣ ಉಂಗುರದಲ್ಲಿ 80 ಕೋಟಿ. ಕೊನೆಗೆ ದೊಡ್ಡ ಉಂಗುರದಲ್ಲಿ 250 ಕೋಟಿ. ಆ ದೊಡ್ಡ ಉಂಗುರದಲ್ಲಿ ದಾರಿ ಬಗ್ಗಿಸುವ 16 ದೊಡ್ಡ ಅಯಸ್ಕಾಂತಗಳು, ಧಾರೆ ಚದುರದಂತೆ ಮಸೂರದ ಹಾಗೆ ಒಟ್ಟುಮಾಡುವ 64, ಉಳಿದ ದೋಷ ತಿದ್ದಲು ಇನ್ನೊಂದು 64. ಎಲೆಕ್ಟ್ರಾನ್ ಒಂದು ಸೆಕೆಂಡಿನಲ್ಲಿ ಸುಮಾರು 22 ಲಕ್ಷ ಸುತ್ತು ಹಾಕುತ್ತದೆ. ಹತ್ತು ಗಂಟೆ ಬದುಕಿದ ಎಲೆಕ್ಟ್ರಾನ್ ಓಡಿದ ದೂರ ಲೆಕ್ಕ ಹಾಕಿದರೆ, ಸೂರ್ಯನಿಂದ ನೆಪ್ಚೂನ್ ಗ್ರಹಕ್ಕೆ ಹೋಗಿ ವಾಪಸ್ ಬಂದರೂ ಮಿಗುತ್ತದೆ. ಅಷ್ಟು ದೂರ ಓಡುವಾಗ ಅದು ಹೆಬ್ಬೆರಳಿನಷ್ಟು ಅಗಲದ ಲೋಹದ ದಾರಿಯ ಗೋಡೆಗೆ ಒಮ್ಮೆಯೂ ತಾಗಬಾರದು.

ಮೊದಲ ದಿನ ಅಂಥದ್ದೇನೂ ಇರುವುದಿಲ್ಲ. ಧಾರೆಯನ್ನು ಬಿಡುತ್ತಾರೆ. ಅದು ಕಾಲು ಸುತ್ತು ಹೋಗಿ ಸಾಯುತ್ತದೆ. ಎಲ್ಲಿ ಸತ್ತಿತು? ದಾರಿಯುದ್ದಕ್ಕೂ ಇರುವ ಸಂವೇದಕಗಳು, ಧಾರೆ ಹಾದುಹೋದಾಗ ಅದು ನಡುವಿನಿಂದ ಎಷ್ಟು ಪಕ್ಕಕ್ಕಿತ್ತು ಎಂದು ಹೇಳುತ್ತವೆ. ಕೊನೆಗೆ ಸದ್ದು ಮಾಡಿದ ಸಂವೇದಕದ ಹಿಂದಿನ ಸಣ್ಣ ಅಯಸ್ಕಾಂತವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಮತ್ತೆ ಬಿಡುತ್ತಾರೆ. ಈ ಸಲ ಅರ್ಧ ಸುತ್ತು. ಮತ್ತೆ. ಮುಕ್ಕಾಲು. ಹೀಗೆ ಒಂದು ಪೂರ್ತಿ ಸುತ್ತು ಬಂದಾಗ ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಎದ್ದು ಅಪ್ಪಿಕೊಳ್ಳುತ್ತಾರೆ. ವೇಗವರ್ಧಕ ಭೌತವಿಜ್ಞಾನಿ ಮಾಹಿರ್ ಅತ್ತಾಲ್ ಮತ್ತು ಅವರ ಸಂಗಡಿಗರು ಜನವರಿಯ ಆ ಸಂಜೆ ಕಂಡದ್ದು ಇಂಥ ಒಂದು ಸುತ್ತನ್ನು.

ಒಂದು ಸುತ್ತು ಎಂದರೆ ಸೆಕೆಂಡಿನ 22 ಲಕ್ಷದಲ್ಲಿ ಒಂದು ಪಾಲು! ಅಲ್ಲಿಂದ ಸಾವಿರ ಸುತ್ತು, ಆಮೇಲೆ ಅದು ಉಂಗುರದಲ್ಲೇ ಉಳಿಯುವಂತೆ ಮಾಡುವುದು, ಆಮೇಲೆ ಶಕ್ತಿಯನ್ನು 80 ಕೋಟಿಯಿಂದ 250 ಕೋಟಿಗೆ ಏರಿಸುವುದು. ಏರಿಸುವಾಗ ಎಲ್ಲ ಅಯಸ್ಕಾಂತಗಳೂ ಒಂದೇ ತಾಳದಲ್ಲಿ ಮೂರು ಪಟ್ಟು ಬಲಗೊಳ್ಳಬೇಕು. ನಮಾಝಿನ ಸಾಲಿನಲ್ಲಿ ಒಬ್ಬ ತಡವಾಗಿ ರುಕೂಅ್‌ಗೆ ಹೋದರೆ ಅವನ ನಮಾಝ್ ಮಾತ್ರ ಅಡ್ಡಾದಿಡ್ಡಿಯಾದೀತು. ಇಲ್ಲಿ ಒಂದು ಅಯಸ್ಕಾಂತ ಹಿಂದೆ ಬಿದ್ದರೆ ಇಡೀ ಧಾರೆ ಮಾಯ. ಇದರ ಜೊತೆಗೆ ಕೊಳವೆಯೊಳಗಿನ ಗಾಳಿಯ ಸಮಸ್ಯೆ. ನಾವು ಉಸಿರಾಡುವ ಗಾಳಿಯ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಖಾಲಿ ಇರಬೇಕು. ಪಂಪಿನಿಂದ ಎಷ್ಟೇ ಎಳೆದರೂ ಲೋಹದ ಗೋಡೆಗೆ ಅಂಟಿಕೊಂಡ ಅನಿಲ ಬಿಡುವುದಿಲ್ಲ. ಧಾರೆ ಹೊರಸೂಸುವ ಬೆಳಕೇ ಗೋಡೆಗೆ ಬಡಿದು ಬಡಿದು ಅದನ್ನು ಬಿಡಿಸಬೇಕು. ಆದ್ದರಿಂದ ಹೊಸ ಉಂಗುರದಲ್ಲಿ ಧಾರೆಯ ಆಯುಸ್ಸು ಕಡಿಮೆ. ದಿನಗಳೆದಂತೆ, ಓಡಿಸಿದಷ್ಟೂ ಹೆಚ್ಚುತ್ತಾ ಹೋಗುತ್ತದೆ. ಕೆಸರು ತಿಳಿಯಾಗುವುದೆಂದರೆ ಇದು.

ಇನ್ನು ಎರಡನೇ ಅರ್ಧ. ಅದೇ ನನಗೆ ಹೆಚ್ಚು ಇಷ್ಟವಾದ ಭಾಗ. ಯಂತ್ರ ಕಟ್ಟುವ ಎಷ್ಟೋ ವರ್ಷ ಮೊದಲೇ ಅದು ಕಂಪ್ಯೂಟರಿನಲ್ಲಿ ಓಡುತ್ತಿರುತ್ತದೆ. ಪ್ರತಿಯೊಂದು ಅಯಸ್ಕಾಂತ ಎಲ್ಲಿದೆ, ಎಷ್ಟು ಉದ್ದ, ಎಷ್ಟು ಬಲ ಎಂಬುದನ್ನು ಅಂಕಿಗಳಲ್ಲಿ ಬರೆದು, ಒಂದು ಕಾಲ್ಪನಿಕ ಎಲೆಕ್ಟ್ರಾನನ್ನು ಅದರೊಳಗೆ ಓಡಿಸಿ ನೋಡುತ್ತಾರೆ. ಇದನ್ನು ಮಾದರಿ ಅಥವಾ ಮಾಡೆಲ್ ಅನ್ನುತ್ತಾರೆ. ಉದಾಹರಣೆಗೆ, ಎಲೆಕ್ಟ್ರಾನ್ ನೇರ ದಾರಿಯಲ್ಲಿ ಹೋಗುವುದಿಲ್ಲ. ಒಂದು ಸುತ್ತಿನಲ್ಲಿ ಅತ್ತಿತ್ತ ಕೆಲವು ಬಾರಿ ತೂಗುತ್ತದೆ. ಆ ತೂಗಾಟದ ಸಂಖ್ಯೆ ಸರಿಯಾಗಿ ಏಳೋ ಎಂಟೋ ಆಗಿಬಿಟ್ಟರೆ ಕೆಲಸ ಕೆಟ್ಟಿತು. ಏಕೆಂದರೆ ಯಾವುದೋ ಅಯಸ್ಕಾಂತದ ಒಂದು ಸಣ್ಣ ದೋಷ ಪ್ರತಿ ಸುತ್ತಿನಲ್ಲೂ ಅದೇ ಗಳಿಗೆಯಲ್ಲಿ, ಅದೇ ಕಡೆಗೆ ನೂಕುತ್ತದೆ. ತೊಟ್ಟಿಲು ಹತ್ತಿರ ಬಂದಾಗಲೆಲ್ಲ ಒಂದು ಬೆರಳಿನಿಂದ ತಳ್ಳಿದರೂ ಅದು ಎಷ್ಟು ಮೇಲೆ ಹೋಗುತ್ತದೆ ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಈ ಸಂಖ್ಯೆ ಏಳು ಚಿಲ್ಲರೆ ಇರಬೇಕೇ ಹೊರತು ಏಳು ಆಗಬಾರದು.

ಕಂಪ್ಯೂಟರಿನ ಮಾದರಿ ಚೆನ್ನಾಗಿಯೇ ಓಡುತ್ತದೆ. ಕಟ್ಟಿದ ಯಂತ್ರ ಮಾತ್ರ ಅದರ ಮಾತು ಕೇಳುವುದಿಲ್ಲ. ಒಂದು ಅಯಸ್ಕಾಂತ ಅರ್ಧ ಮಿಲಿಮೀಟರ್ ಆಚೆ ಕೂತಿದೆ. ಇನ್ನೊಂದರ ಬಲ ನಕ್ಷೆಯಲ್ಲಿ ಬರೆದುದಕ್ಕಿಂತ ಒಂದಂಶ ಕಡಿಮೆ. ಮತ್ತೊಂದರ ತಂತಿ ತಲೆಕೆಳಗಾಗಿ ಜೋಡಣೆಯಾಗಿದೆ. ಯಾವುದು ಎಂದು ಕಂಡುಹಿಡಿಯುವುದು ಹೇಗೆ? ಬಾಡಿಗೆ ಮನೆಗೆ ಹೊಸದಾಗಿ ಹೋದಾಗ ನೀವೇನು ಮಾಡುತ್ತೀರಿ? ಒಂದೊಂದೇ ಸ್ವಿಚ್ ಒತ್ತಿ, ಯಾವ ಬಲ್ಬ್ ಉರಿಯಿತು ಎಂದು ನೋಡುತ್ತೀರಿ. ಇಲ್ಲೂ ಅಷ್ಟೇ. ತಿದ್ದುವ ಸಣ್ಣ ಅಯಸ್ಕಾಂತಗಳನ್ನು ಒಂದೊಂದಾಗಿ ಚೂರು ಅಲುಗಿಸಿ, ಪ್ರತಿ ಸಂವೇದಕದಲ್ಲೂ ಧಾರೆ ಎಷ್ಟು ಸರಿಯಿತು ಎಂದು ಬರೆದಿಡುತ್ತಾರೆ. ಸಾವಿರಾರು ಅಂಕಿಗಳ ಒಂದು ದೊಡ್ಡ ಕೋಷ್ಟಕವಾಗುತ್ತದೆ. ಆಮೇಲೆ ಕಂಪ್ಯೂಟರಿನ ಮಾದರಿಯಲ್ಲೂ ಅದನ್ನೇ ಮಾಡಿ ಇನ್ನೊಂದು ಕೋಷ್ಟಕ. ಎರಡೂ ತಾಳೆಯಾಗುವವರೆಗೆ ಮಾದರಿಯ ಅಂಕಿಗಳನ್ನು ತಿದ್ದುತ್ತಾ ಹೋದರೆ, ತಪ್ಪು ಎಲ್ಲಿದೆ ಎಂದು ಯಂತ್ರವೇ ಹೇಳಿಬಿಡುತ್ತದೆ. 1990ರ ದಶಕದಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜೇಮ್ಸ್ ಸಫ್ರಾನೆಕ್ ಈ ವಿಧಾನವನ್ನು ಪಳಗಿಸಿದರು. ಈಗ ಪ್ರಪಂಚದ ಇಂಥ ಉಂಗುರಗಳಲ್ಲೆಲ್ಲ ಇದು ಬಳಕೆಯಲ್ಲಿದೆ.

ಗಮನಿಸಿ, ಇಲ್ಲಿ ತಿದ್ದುವುದು ಮೊದಲು ಮಾದರಿಯನ್ನು. ಯಂತ್ರ ಸುಳ್ಳು ಹೇಳುವುದಿಲ್ಲ, ನಮ್ಮ ಕಾಗದ ಹೇಳಬಹುದು. ಬೆಳಕಿನ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಬಸ್ರಾದ ಇಬ್ನುಲ್ ಹೈಸಮ್‌ರಿಗೆ ಇದು ಕಷ್ಟದಿಂದ ಗೊತ್ತಾಗಿತ್ತು. ನೈಲ್ ನದಿಯ ನೆರೆಯನ್ನು ಕಟ್ಟಿಹಾಕುವ ಯೋಜನೆ ತನ್ನಲ್ಲಿದೆ ಎಂದು ಅವರು ಹೇಳಿದ್ದು ಈಜಿಪ್ಟಿನ ದೊರೆ ಅಲ್ ಹಾಕಿಮ್‌ನ ಕಿವಿಗೆ ಬಿತ್ತು, ಕರೆಸಿಕೊಂಡ, ನದಿಯ ಮೇಲ್ದಂಡೆಗೆ ಹೋಗಿ ಸ್ಥಳ ನೋಡಿದಾಗ ತನ್ನ ಲೆಕ್ಕ ಅಲ್ಲಿ ನಡೆಯದು ಎಂದು ಅವರಿಗೆ ತಿಳಿಯಿತು ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ದೊರೆಯ ಕೋಪಕ್ಕೆ ಹೆದರಿ ಹುಚ್ಚರಂತೆ ನಟಿಸಿ ಮನೆಯಲ್ಲೇ ಬಂಧಿಯಾಗಿದ್ದರು ಎಂದೂ ಕಥೆ ಇದೆ. ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ, ಆದರೆ ಅಳತೆ ಮಾಡದೆ ಯಾವ ಮಾತನ್ನೂ ಒಪ್ಪಬಾರದು ಎಂಬ ಹಟ ಅವರ ‘ಕಿತಾಬುಲ್ ಮನಾಝಿರ್’ ಗ್ರಂಥದ ತುಂಬ ಇದೆ.

ಮಾದರಿಗೆ ಎಂತೆಂಥ ಸಂಗತಿಗಳನ್ನು ಸೇರಿಸಬೇಕಾಗುತ್ತದೆ ಎಂದು ತಿಳಿಯಲು ಜಿನೀವಾಕ್ಕೆ ಹೋಗಬೇಕು. ಅಲ್ಲಿ ಸರ್ನ್‌ನಲ್ಲಿ 1989ರಿಂದ 2000ದವರೆಗೆ 27 ಕಿಲೋಮೀಟರ್ ಸುತ್ತಳತೆಯ ‘ಲೆಪ್’ ಎಂಬ ಎಲೆಕ್ಟ್ರಾನ್ ಉಂಗುರವಿತ್ತು. ಅದರಲ್ಲಿ ಧಾರೆಯ ಶಕ್ತಿ 4,500 ಕೋಟಿ ವೋಲ್ಟಿನಷ್ಟು. ಆದರೆ ಅದು ಒಂದು ಕೋಟಿಯಷ್ಟು ಸುಮ್ಮಸುಮ್ಮನೆ ಏರುತ್ತಿತ್ತು, ಇಳಿಯುತ್ತಿತ್ತು. ಯಂತ್ರವನ್ನೆಲ್ಲ ತಡಕಾಡಿದರು. 1992ರಲ್ಲಿ ಕಳ್ಳ ಸಿಕ್ಕಿಬಿದ್ದ. ಚಂದ್ರ! ಸಮುದ್ರದಲ್ಲಿ ಭರತ ಇಳಿತ ತರುವ ಚಂದ್ರ ನೆಲವನ್ನೂ ಸ್ವಲ್ಪ ಎಳೆಯುತ್ತಾನೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಆ 27 ಕಿಲೋಮೀಟರ್ ಉಂಗುರ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅಷ್ಟು ಸಾಕಾಗಿತ್ತು. ಅಲ್ಲಿಂದ ಮುಂದೆ ಚಂದ್ರನ ಲೆಕ್ಕವೂ ಮಾದರಿಯೊಳಗೆ ಬಂತು. ನಾವು ಚಂದ್ರನನ್ನು ಕಂಡೆವೋ ಕಾಣಲಿಲ್ಲವೋ ಎಂದು ಪ್ರತಿ ರಮಝಾನಿನಲ್ಲೂ ಚರ್ಚೆ ಮಾಡುತ್ತೇವೆ. ನೆಲದಡಿ ನೂರು ಮೀಟರ್ ಆಳದಲ್ಲಿ ಎಲೆಕ್ಟ್ರಾನುಗಳಿಗೆ ಆ ಸಮಸ್ಯೆ ಇರಲಿಲ್ಲ.

ಇನ್ನೊಂದು ತೊಂದರೆ ಹಗಲಿನಲ್ಲಿ ಬರುತ್ತಿತ್ತು, ನಡುರಾತ್ರಿ ಮಾಯವಾಗುತ್ತಿತ್ತು. 1995ರಲ್ಲಿ ಫ್ರಾನ್ಸಿನಲ್ಲಿ ರೈಲ್ವೆ ಮುಷ್ಕರವಾದ ದಿನ ಅದು ಪೂರ್ತಿ ನಿಂತುಹೋಯಿತು. ಆಗ ಎಲ್ಲರಿಗೂ ಅರ್ಥವಾಯಿತು. ಜಿನೀವಾದಿಂದ ಹೊರಡುವ ವಿದ್ಯುತ್ ರೈಲುಗಳ ಕರೆಂಟು ಹಳಿಯಿಂದ ನೆಲಕ್ಕೆ ಸೋರಿ, ಉಂಗುರದ ಲೋಹದ ಕೊಳವೆಯ ಮೂಲಕವೂ ಹರಿಯುತ್ತಿತ್ತು.

ಮೂರನೆಯದು ಸ್ವಲ್ಪ ಬೇರೆ ಬಗೆಯದು. 1996ರಲ್ಲಿ ದುರಸ್ತಿಯ ಬಳಿಕ ಯಂತ್ರ ಮತ್ತೆ ಚಾಲೂ ಮಾಡಿದಾಗ ಧಾರೆ ಸುತ್ತಲೇ ಒಲ್ಲದು. ದಿನಗಟ್ಟಲೆ ಲೆಕ್ಕ ಹಾಕಿ, ಎಲ್ಲಿ ತಡೆಯುತ್ತಿದೆ ಎಂದು ಸಂವೇದಕಗಳಿಂದ ಗುರುತಿಸಿ, ಅಲ್ಲಿ ಕೊಳವೆ ಬಿಚ್ಚಿ ನೋಡಿದರೆ ಒಳಗೆ ಎರಡು ಬಿಯರ್ ಬಾಟಲಿಗಳು! ಯಾರೋ ಕುಡಿದು ಒಳಗೆ ತುರುಕಿದ್ದರು. ಮದ್ಯದಿಂದ ಆಗುವ ಹಾನಿಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಎಷ್ಟೋ ಲೇಖನಗಳು ಬಂದಿವೆ, ಕಣ ವೇಗವರ್ಧಕದ ಹೆಸರು ಯಾವುದರಲ್ಲೂ ಇರಲಿಲ್ಲ.

ಇರಲಿ, ಅಲ್ಲಾನ್‌ಗೆ ಮರಳೋಣ. ಇಷ್ಟೆಲ್ಲ ಕಷ್ಟಪಟ್ಟು ಎಲೆಕ್ಟ್ರಾನನ್ನು ಸುತ್ತಿಸುವುದು ಏತಕ್ಕೆ? ಬೆಳಕಿಗಾಗಿ. ಮಳೆಗಾಲದಲ್ಲಿ ಬೈಕು ಓಡುವಾಗ ಅದರ ಚಕ್ರ ಕೆಸರನ್ನು ಹೊರಕ್ಕೆ ಎರಚುತ್ತದಲ್ಲ, ಹಾಗೆ ಬೆಳಕಿನ ವೇಗದಲ್ಲಿ ಓಡುವ ಎಲೆಕ್ಟ್ರಾನನ್ನು ಬಗ್ಗಿಸಿದಾಗಲೆಲ್ಲ ಅದು ಬೆಳಕನ್ನು ಹೊರಕ್ಕೆ ಎರಚುತ್ತದೆ. ಕಾಣುವ ಬೆಳಕು ಮಾತ್ರವಲ್ಲ, ಅತಿಗೆಂಪು ಕಿರಣಗಳಿಂದ ಎಕ್ಸ್-ರೇವರೆಗೆ, ಬಹಳ ಪ್ರಖರವಾಗಿ. ಉಂಗುರದ ಸುತ್ತ ಕಿಟಕಿಗಳನ್ನಿಟ್ಟು ಆ ಬೆಳಕನ್ನು ಹೊರತಂದು ಅದರಡಿ ಏನನ್ನು ಬೇಕಾದರೂ ಇಡಬಹುದು: ಔಷಧದ ಹರಳು, ಕಲುಷಿತ ಮಣ್ಣು, ಕ್ಯಾನ್ಸರ್ ಕೋಶ, ಹಳೆಯ ಚರ್ಮಪತ್ರ. ಸೈಪ್ರಸ್‌ನ ಸಂಶೋಧಕರು ಸಾವಿರಾರು ವರ್ಷ ಹಳೆಯ ಮಾನವ ಅವಶೇಷಗಳನ್ನು ತಂದು ಇಲ್ಲಿ ಪರೀಕ್ಷಿಸಿದರು. 2017ರ ಮೇ 16ರಂದು ಜೋರ್ಡಾನಿನ ದೊರೆ ಅಬ್ದುಲ್ಲಾ ಇದನ್ನು ಉದ್ಘಾಟಿಸಿದರು. ಅದೇ ನವೆಂಬರಿನಲ್ಲಿ ಮೊದಲ ಕಿಟಕಿಯಲ್ಲಿ ಎಕ್ಸ್-ರೇ ಬೆಳಕು ಬಂತು. ಮರುವರ್ಷ ಸಂಶೋಧಕರು ಬರತೊಡಗಿದರು. ಕರೆಂಟ್ ಬಿಲ್ ಕಟ್ಟಲಾಗದೆ ಯಂತ್ರ ನಿಂತೀತು ಎಂಬ ಭಯವಿತ್ತು. 2019ರಲ್ಲಿ ಮರುಭೂಮಿಯಲ್ಲಿ ಆರೂವರೆ ಮೆಗಾವಾಟ್‌ನ ಸೌರ ವಿದ್ಯುತ್ ಸ್ಥಾವರ ಆರಂಭಿಸಿ ಅದನ್ನೂ ಬಗೆಹರಿಸಿಕೊಂಡರು. ಪೂರ್ತಿಯಾಗಿ ಬಿಸಿಲಿನ ಶಕ್ತಿಯನ್ನು ನಂಬಿ ನಡೆದ ಪ್ರಪಂಚದ ಮೊದಲ ವೇಗವರ್ಧಕ ಇದೇ.

ಈಗ ಆ ಸದಸ್ಯರ ಪಟ್ಟಿಯ ವಿಷಯ. ಇಸ್ರೇಲಿನ ಜೊತೆ ಒಂದೇ ಮೇಜಿನಲ್ಲಿ ಕೂರುವುದೇ ಎಂದು ನಿಮ್ಮಲ್ಲಿ ಹಲವರು ಹುಬ್ಬು ಗಂಟಿಕ್ಕಿರಬಹುದು. ಪಶ್ಚಿಮದ ಪತ್ರಿಕೆಗಳು ಸೆಸಮೆಯ ಬಗ್ಗೆ ಬರೆಯುವಾಗಲೆಲ್ಲ ವಿಜ್ಞಾನದಿಂದ ಶಾಂತಿ ಎಂದು ದೊಡ್ಡ ಅಕ್ಷರದಲ್ಲಿ ಹಾಕುತ್ತವೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸೆಸಮೆಯ ಸಭೆಗಳಲ್ಲಿ ಇರಾನನ್ನು ಪ್ರತಿನಿಧಿಸಿದ್ದ ಇಬ್ಬರು ಭೌತವಿಜ್ಞಾನಿಗಳು 2010ರಲ್ಲಿ ಟೆಹರಾನಿನಲ್ಲಿ ಬಾಂಬಿಗೆ ಬಲಿಯಾದರು. ಮಸೂದ್ ಅಲಿ ಮೊಹಮ್ಮದಿ ಜನವರಿ 12ರಂದು, ಮಜೀದ್ ಶಹ್ರಿಯಾರಿ ನವೆಂಬರ್ 29ರಂದು. ಉಂಗುರದಲ್ಲಿ ಎಲೆಕ್ಟ್ರಾನ್ ಮೊದಲ ಸುತ್ತು ಹಾಕಿದ ದಿನಕ್ಕೂ ಅಲಿ ಮೊಹಮ್ಮದಿ ಸತ್ತ ದಿನಕ್ಕೂ ನಡುವೆ ಏಳು ವರ್ಷ, ಒಂದು ದಿನ ಕಡಿಮೆ. ಪಶ್ಚಿಮ ದಂಡೆಯ ಸಂಶೋಧಕ ಈ ಯಂತ್ರದ ಬಳಿಗೆ ಬರಬೇಕಾದರೆ ಜೋರ್ಡಾನ್ ನದಿಯ ಸೇತುವೆಯಲ್ಲಿ ಇಸ್ರೇಲಿ ಸೈನಿಕನ ಮುಂದೆ ನಿಲ್ಲಬೇಕು. 2023ರ ಅಕ್ಟೋಬರಿನ ಬಳಿಕ ಗಾಝಾದ ವಿಶ್ವವಿದ್ಯಾಲಯಗಳು ಒಂದೊಂದಾಗಿ ಕಲ್ಲು ಮಣ್ಣಿನ ರಾಶಿಯಾದವು. ಗಾಝಾದ ಇಸ್ಲಾಮಿಕ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಭೌತವಿಜ್ಞಾನಿ ಸುಫ್ಯಾನ್ ತಾಯಿಹ್ 2023ರ ಡಿಸೆಂಬರ್ 2ರಂದು ವೈಮಾನಿಕ ದಾಳಿಯಲ್ಲಿ ಕುಟುಂಬದವರ ಸಹಿತ ಕೊಲ್ಲಲ್ಪಟ್ಟರು. ಇನ್ನಾಲಿಲ್ಲಾಹ್. 133 ಮೀಟರ್ ಉಂಗುರವೊಂದು ಇದನ್ನೆಲ್ಲ ತಡೆಯಲಿಲ್ಲ, ತಡೆಯುವ ಶಕ್ತಿಯೂ ಅದಕ್ಕಿಲ್ಲ.

ಹಾಗಾದರೆ ಸದಸ್ಯತ್ವ ಬಿಟ್ಟು ಹೊರಬರಬೇಕಿತ್ತೇ? ಇದನ್ನು ನಾನು ಹಲವು ಬಾರಿ ನನ್ನಲ್ಲೇ ಕೇಳಿಕೊಂಡಿದ್ದೇನೆ. ಇಲ್ಲ ಅನ್ನುವುದೇ ನನ್ನ ಉತ್ತರ. ಯಂತ್ರ ಇರುವುದು ಅರಬ್ ನೆಲದಲ್ಲಿ. ಅದನ್ನು ಪಳಗಿಸಿದ ಕೈಗಳಲ್ಲಿ ಹೆಚ್ಚಿನವು ಆ ನೆಲದವೇ. ಹಿಂದೆ ಕೈರೋದ ಅಥವಾ ಲಾಹೋರಿನ ವಿದ್ಯಾರ್ಥಿಗೆ ಇಂಥ ಬೆಳಕು ಬೇಕಾದರೆ ಯುರೋಪಿನ ವೀಸಾಕ್ಕೆ ಕೈಚಾಚಬೇಕಿತ್ತು. ಹೋದವರಲ್ಲಿ ಬಹಳಷ್ಟು ಮಂದಿ ವಾಪಸ್ ಬರುತ್ತಿರಲಿಲ್ಲ. ಫೆಲೆಸ್ತೀನ್ ತಾನಾಗಿ ಎದ್ದು ಹೋದರೆ ಆ ಕುರ್ಚಿ ಖಾಲಿಯಾಗುತ್ತದೆ, ಅಷ್ಟೇ. ನೀವು ಬೇರೆ ರೀತಿ ಯೋಚಿಸಬಹುದು. ಅದಕ್ಕೂ ಕಾರಣಗಳಿವೆ, ಬರೆದು ತಿಳಿಸಿ.

ಪತ್ರ ಬರೆದ ಸಹೋದರಿಗೆ ಒಂದು ಹೆಸರು ಹೇಳಬೇಕು. ಸೆಸಮೆಯ ಅತಿಗೆಂಪು ಕಿಟಕಿಯ ಹೊಣೆ ಹೊತ್ತವರು ಈಜಿಪ್ಟಿನ ಜೀಹಾನ್ ಕಾಮೆಲ್ ಎಂಬ ಮಹಿಳೆ. ಕೆಲವು ಕಾಲ ಅಲ್ಲಿನ ವಿಜ್ಞಾನಿಗಳಲ್ಲಿ ಅವರೊಬ್ಬರೇ ಹೆಣ್ಣು.

ಅಷ್ಟು ದೂರ ಹೋಗಲೂ ಬೇಕಾಗಿಲ್ಲ. ನಮ್ಮ ಇಂದೋರ್‌ನಲ್ಲಿ, ರಾಜಾ ರಾಮಣ್ಣ ಕೇಂದ್ರದಲ್ಲಿ, ಇಂಡಸ್-1 ಮತ್ತು ಇಂಡಸ್-2 ಎಂಬ ಎರಡು ಉಂಗುರಗಳಿವೆ. ರಾಮಣ್ಣನವರು ನಮ್ಮ ತುಮಕೂರಿನವರು. ಇಂಡಸ್-1 ಚಾಲೂ ಆದದ್ದು 1999ರಲ್ಲಿ. 2005ರಲ್ಲಿ ಧಾರೆ ಕಂಡ ಇಂಡಸ್-2ರ ಶಕ್ತಿಯೂ ಸೆಸಮೆಯಷ್ಟೇ, 250 ಕೋಟಿ. ಸುತ್ತಳತೆ ಇನ್ನೂ ಹೆಚ್ಚು, 172 ಮೀಟರ್. ಅದಕ್ಕೂ ಮೊದಲ ಮೆಟ್ಟಿಲು ಒಂದು ಮೈಕ್ರೊಟ್ರಾನ್. ದೇಶದ ವಿಶ್ವವಿದ್ಯಾಲಯಗಳ ಸಂಶೋಧಕರು ಅರ್ಜಿ ಹಾಕಿ ಅಲ್ಲಿನ ಬೆಳಕನ್ನು ಬಳಸುತ್ತಾರೆ. ಬಿ.ಎಸ್ಸಿ., ಎಂ.ಎಸ್ಸಿ. ಚೆನ್ನಾಗಿ ಮಾಡಿದ ಹುಡುಗಿಗೆ ಅಣುಶಕ್ತಿ ಇಲಾಖೆಯ ತರಬೇತಿ ಶಾಲೆಯ ಪರೀಕ್ಷೆ ಇದೆ. ಕಷ್ಟದ ಪರೀಕ್ಷೆ, ಆದರೆ ಅಲ್ಲಿ ಕೇಳುವುದು ಗಣಿತ ಮತ್ತು ಭೌತಶಾಸ್ತ್ರ.

ಇನ್ನು, ‘ಯಾರಿಗೇನು ಉಪಕಾರ’ ಎಂದು ಕೇಳಿದಿರಲ್ಲ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕ್ಯಾನ್ಸರಿಗೆ ರೇಡಿಯೇಷನ್ ಕೊಡಿಸಲು ನಿಮ್ಮ ಬಂಧುಗಳನ್ನು ಕರೆದುಕೊಂಡು ಹೋಗಿದ್ದರೆ, ಅಲ್ಲಿ ರೋಗಿಯ ಮೇಲೆ ನಿಧಾನವಾಗಿ ತಿರುಗುವ ದೊಡ್ಡ ಯಂತ್ರವನ್ನು ಕಂಡಿರುತ್ತೀರಿ. ಅದೂ ಎಲೆಕ್ಟ್ರಾನ್ ವೇಗವರ್ಧಕವೇ. ಆಸ್ಪತ್ರೆಗೆ ಹೊಸ ಯಂತ್ರ ಬಂದ ಮರುದಿನವೇ ರೋಗಿಯನ್ನು ಮಲಗಿಸುವುದಿಲ್ಲ. ಮೆಡಿಕಲ್ ಫಿಸಿಸಿಸ್ಟ್ ಎಂಬವರು ಅದರಡಿ ನೀರು ತುಂಬಿದ ಒಂದು ತೊಟ್ಟಿ ಇಟ್ಟು, ನಮ್ಮ ದೇಹದ ಬಹುಪಾಲು ನೀರೇ ತಾನೆ, ಅದರಲ್ಲಿ ಒಂದು ಸಣ್ಣ ಮಾಪಕವನ್ನು ಮಿಲಿಮೀಟರ್ ಮಿಲಿಮೀಟರ್ ಸರಿಸುತ್ತಾ, ಎಷ್ಟು ಆಳದಲ್ಲಿ ಎಷ್ಟು ವಿಕಿರಣ ಬೀಳುತ್ತದೆ ಎಂದು ವಾರಗಟ್ಟಲೆ ಅಳೆಯುತ್ತಾರೆ. ಕಂಪ್ಯೂಟರಿನ ಮಾದರಿ ಹೇಳಿದ್ದಕ್ಕೂ ನೀರಿನಲ್ಲಿ ಅಳೆದದ್ದಕ್ಕೂ ತಾಳೆಯಾದ ಮೇಲೆಯೇ ಮೊದಲ ರೋಗಿ. ಗೆಡ್ಡೆಗೆ ಬೀಳಬೇಕಾದದ್ದು ಪಕ್ಕದ ಬೆನ್ನುಹುರಿಗೆ ಬಿದ್ದರೆ ಏನಾದೀತು ಎಂದು ಯೋಚಿಸಿ. ಈ ಕೆಲಸಕ್ಕೂ ಬೇಕಾಗುವುದು ಫಿಸಿಕ್ಸ್ ಎಂ.ಎಸ್ಸಿ. ಮತ್ತು ಅದರ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಆ ಕೋರ್ಸ್ ಬಹಳ ವರ್ಷಗಳಿಂದ ನಡೆಯುತ್ತಿದೆ. ಅರ್ಜಿ ಹಾಕಲು ಪದವಿಯಲ್ಲಿ ಫಿಸಿಕ್ಸ್ ಮುಖ್ಯ ವಿಷಯವಾಗಿರಬೇಕು ಎಂಬುದನ್ನು ಮಗಳಿಗೆ ಈಗಲೇ ತಿಳಿಸಿ. ಕಾಲೇಜು ಆರಿಸುವಾಗ ಅದೊಂದನ್ನು ನೋಡಿಕೊಂಡರೆ ಮುಂದೆ ತೊಂದರೆಯಾಗದು.